ಪೈಲಟ್‌ಗಳ ನಿದ್ರೆ: ನಿಯಮದ ಲೆಕ್ಕ, ದೇಹದ ಲೆಕ್ಕ

2008ರ ಫೆಬ್ರುವರಿ 13. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಹೊನೊಲುಲುವಿನಿಂದ ಹೀಲೋ ಎಂಬ ಊರಿಗೆ ಒಂದು ಚಿಕ್ಕ ಜೆಟ್ ವಿಮಾನ ಹೊರಟಿತು. ಬೆಳಿಗ್ಗೆ ಒಂಬತ್ತು ದಾಟಿದ ಹೊತ್ತು. ಒಳಗೆ 40 ಮಂದಿ ಪ್ರಯಾಣಿಕರು. ಒಂದು ಗಂಟೆಯೂ ಇಲ್ಲದ ಹಾರಾಟ. ಅರ್ಧ ದಾರಿ ಸಾಗಿದ ಮೇಲೆ ನೆಲದಿಂದ ವಾಯುಸಂಚಾರ ನಿಯಂತ್ರಕರು ಕರೆದರು. ಉತ್ತರವಿಲ್ಲ. ಮತ್ತೆ ಮತ್ತೆ ಕರೆದರು. 18 ನಿಮಿಷಗಳ ಕಾಲ ವಿಮಾನದಿಂದ ಒಂದು ಮಾತೂ ಬರಲಿಲ್ಲ. ರೇಡಾರ್ ಪರದೆಯ ಮೇಲೆ ಮಾತ್ರ ಅದು 21 ಸಾವಿರ ಅಡಿ ಎತ್ತರದಲ್ಲಿ ನೆಟ್ಟಗೆ ಸಾಗುತ್ತಿತ್ತು. ಇಳಿಯಬೇಕಾದ ಹೀಲೋವನ್ನು ದಾಟಿತು. ಅಲ್ಲಿಂದಾಚೆ ಪೆಸಿಫಿಕ್ ಸಾಗರದ ಮೇಲೆ ಸುಮಾರು 48 ಕಿಲೋಮೀಟರ್ ಹೋಯಿತು. ಕೊನೆಗೂ ಕಾಕ್‌ಪಿಟ್‌ನಿಂದ ಉತ್ತರ ಬಂತು. ವಿಮಾನ ತಿರುಗಿ ಬಂದು ಸುಖವಾಗಿ ಇಳಿಯಿತು.

ನಡೆದದ್ದೇನು ಎಂದು ನೀವು ಊಹಿಸಿರಬಹುದು. ಕ್ಯಾಪ್ಟನ್ ಮತ್ತು ಸಹಪೈಲಟ್ ಇಬ್ಬರೂ ನಿದ್ದೆ ಹೋಗಿದ್ದರು. ವಿಮಾನವನ್ನು ಸ್ವಯಂಚಾಲಕ ವ್ಯವಸ್ಥೆ ನಡೆಸುತ್ತಿತ್ತು.

ಇದು ನಡುರಾತ್ರಿಯಲ್ಲ, ಹಾಡಹಗಲು. ಹದಿನಾಲ್ಕು ಗಂಟೆಗಳ ಸಾಗರೋತ್ತರ ಪ್ರಯಾಣವೂ ಅಲ್ಲ. ಇನ್ನೂ ಮುಖ್ಯವಾದ ಸಂಗತಿಯೊಂದಿದೆ: ಆ ಇಬ್ಬರ ಪಾಳಿ ಪಟ್ಟಿ ಅಂದಿನ ಸರ್ಕಾರಿ ನಿಯಮಗಳನ್ನು ಎಲ್ಲೂ ಮೀರಿರಲಿಲ್ಲ. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ಎರಡು ಕಾರಣಗಳನ್ನು ಎತ್ತಿ ತೋರಿಸಿತು. ಕ್ಯಾಪ್ಟನ್‌ಗೆ ಅದುವರೆಗೆ ಪತ್ತೆಯಾಗದ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಿತ್ತು. ಜೊತೆಗೆ ಇಬ್ಬರೂ ಸತತವಾಗಿ ಹಲವು ದಿನ ನಸುಕಿನಲ್ಲೇ ಕೆಲಸಕ್ಕೆ ಹಾಜರಾಗಿ, ದಿನಕ್ಕೆ ಹಲವಾರು ಬಾರಿ ದ್ವೀಪದಿಂದ ದ್ವೀಪಕ್ಕೆ ಏರಿಳಿದಿದ್ದರು.

ನಿಯಮ ಪಾಲನೆಯಾಗಿದೆ, ಪೈಲಟ್ ನಿದ್ದೆ ಹೋಗಿದ್ದಾನೆ. ಇವೆರಡೂ ಏಕಕಾಲಕ್ಕೆ ನಿಜವಾಗುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ನಿದ್ರೆ ಹೇಗೆ ಬರುತ್ತದೆ ಎಂಬುದನ್ನು ನೋಡಬೇಕು. ಆಮೇಲೆ, ವಿಮಾನ ಕಂಪನಿಗಳು ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಕರಾರುಗಳನ್ನೂ ನೋಡಬೇಕು. ಇವೆರಡಕ್ಕೂ ಏನು ಸಂಬಂಧ ಎಂದು ಈಗಲೇ ಕೇಳಬೇಡಿ, ಅಲ್ಲಿಗೇ ಬರುತ್ತಿದ್ದೇವೆ.

ನಿದ್ರೆಯನ್ನು ತರುವ ಎರಡು ಶಕ್ತಿಗಳು

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತ ಹೋಗುತ್ತದೆ. ಮಿದುಳಿನ ಕೋಶಗಳು ಶಕ್ತಿಯನ್ನು ಬಳಸಿದಾಗ ಉಳಿಯುವ ವಸ್ತು ಇದು. ಇದು ಹೆಚ್ಚಿದಂತೆಲ್ಲ ನಿದ್ದೆಯ ಒತ್ತಡ ಏರುತ್ತದೆ. ಮಲಗಿ ಎದ್ದಾಗ ಇಳಿಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಮಾಡುವುದಿಷ್ಟೆ: ಅಡಿನೊಸಿನ್ ಹೋಗಿ ಕೂರಬೇಕಾದ ಜಾಗವನ್ನು ತಾನು ಆಕ್ರಮಿಸುತ್ತದೆ. ಹಾಗಾಗಿ ನಿದ್ದೆಯ ಒತ್ತಡ ನಮ್ಮ ಅರಿವಿಗೆ ಬರುವುದಿಲ್ಲ. ಸಾಲ ತೀರುವುದಿಲ್ಲ, ಸಾಲಗಾರ ಬಾಗಿಲು ತಟ್ಟುವುದು ಕೇಳಿಸುವುದಿಲ್ಲ ಅಷ್ಟೆ.

ಎರಡನೆಯ ಶಕ್ತಿ ಜೈವಿಕ ಗಡಿಯಾರ. ಕಣ್ಣಿನ ನರಗಳು ಮಿದುಳಿನೊಳಗೆ ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ಹಗಲಿನ ಬೆಳಕನ್ನು ನೋಡಿಕೊಂಡು ಅದು ದೇಹದ ಉಷ್ಣತೆ, ಹಾರ್ಮೋನುಗಳು, ಎಚ್ಚರ ಎಲ್ಲವನ್ನೂ ದಿನದ ತಾಳಕ್ಕೆ ಕೂರಿಸುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಗಡಿಯಾರದ ಪ್ರಕಾರ ನಮ್ಮ ಎಚ್ಚರ ತೀರ ಕೆಳಗಿಳಿಯುವುದು ರಾತ್ರಿ 2ರಿಂದ ಬೆಳಗಿನ 6 ಗಂಟೆಯ ನಡುವೆ. ಹಿಂದಿನ ದಿನ ಎಷ್ಟೇ ಮಲಗಿದ್ದರೂ ಈ ಹೊತ್ತಿನಲ್ಲಿ ಕೆಲಸ ಮಾಡುವವನ ಗಮನ ಜಾರುತ್ತದೆ. ವಿಮಾನಯಾನ ನಿಯಮಗಳು ಈ ನಾಲ್ಕು ಗಂಟೆಗಳನ್ನು ಪ್ರತ್ಯೇಕವಾಗಿಯೇ ಹೆಸರಿಸುತ್ತವೆ. ನಾವು ಇಲ್ಲಿ ಅದನ್ನು ‘ಇಳಿಗಾಲ’ ಎಂದು ಕರೆಯೋಣ.

ಈ ಎರಡು ಶಕ್ತಿಗಳನ್ನು ಸೇರಿಸಿ ನಿದ್ರೆಯನ್ನು ವಿವರಿಸುವ ಮಾದರಿಯನ್ನು ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದರು. ಇಂದಿಗೂ ಪಾಳಿ ಪಟ್ಟಿಗಳನ್ನು ಪರೀಕ್ಷಿಸುವ ಕಂಪ್ಯೂಟರ್ ಕಾರ್ಯಕ್ರಮಗಳಿಗೆ ಅದೇ ತಳಹದಿ.

ಗಡಿಯಾರದ ಇನ್ನೊಂದು ಗುಣ ಬಹಳ ಮಂದಿಗೆ ತಿಳಿದಿಲ್ಲ. ನಾವು ದಿನವೂ ಮಲಗುವ ಹೊತ್ತಿಗೆ ಎರಡು-ಮೂರು ಗಂಟೆ ಮುಂಚೆ ಅದು ನಮ್ಮನ್ನು ಅತಿ ಹೆಚ್ಚು ಎಚ್ಚರವಾಗಿಡುತ್ತದೆ. ಇಸ್ರೇಲಿನ ನಿದ್ರಾ ವಿಜ್ಞಾನಿ ಪೆರೆಟ್ಸ್ ಲವೀ ಈ ಅವಧಿಯನ್ನು ನಿದ್ರೆಯ ನಿಷಿದ್ಧ ವಲಯ ಎಂದೇ ಕರೆದರು. ನೀವೇ ಪರೀಕ್ಷಿಸಿ ನೋಡಬಹುದು. ಬೆಳಗಿನ ಜಾವದ ರೈಲಿಗೆ ಏಳಬೇಕೆಂದು ರಾತ್ರಿ ಎಂಟಕ್ಕೇ ದೀಪ ಆರಿಸಿ ಮಲಗಿರುತ್ತೀರಿ. ನಿದ್ದೆ ಬರುವುದಿಲ್ಲ. ಹೊರಳಾಡಿ ಹೊರಳಾಡಿ ಹತ್ತೂವರೆಗೆ ಕಣ್ಣು ಹತ್ತುತ್ತದೆ. ಮೂರೂವರೆಗೆ ಅಲಾರಾಂ ಕೂಗುತ್ತದೆ. ಮಂಚದ ಮೇಲಿದ್ದದ್ದು ಏಳೂವರೆ ಗಂಟೆ, ನಿದ್ದೆ ಮಾಡಿದ್ದು ಐದೇ ಗಂಟೆ. ಮೂರು ದಿನ ಹೀಗೇ ಆದರೆ? ಹವಾಯಿಯ ಪೈಲಟ್‌ಗಳ ಸ್ಥಿತಿ ಈಗ ಅರ್ಥವಾಗುತ್ತದೆ.

ಕಡಿಮೆ ನಿದ್ದೆ ಎಂದರೆ ಎಷ್ಟು ಅಪಾಯ? ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ಇದನ್ನು ಎಲ್ಲರಿಗೂ ತಿಳಿಯುವಂತೆ ಅಳೆದರು. ಕೆಲವರನ್ನು ಎಚ್ಚರವಾಗಿಟ್ಟು ಕೈ-ಕಣ್ಣಿನ ಹೊಂದಾಣಿಕೆಯ ಪರೀಕ್ಷೆ ಕೊಟ್ಟರು. ಇನ್ನೊಮ್ಮೆ ಅವರಿಗೇ ಮದ್ಯ ಕುಡಿಸಿ ಅದೇ ಪರೀಕ್ಷೆ ಕೊಟ್ಟರು. 17 ಗಂಟೆ ಎಚ್ಚರವಿದ್ದವರ ಸಾಧನೆ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರ ಸಾಧನೆಗೆ ಸಮನಾಗಿತ್ತು. 24 ಗಂಟೆಗೆ ಅದು ಶೇ. 0.10ರ ಸಮಕ್ಕೆ ಬಂದಿತ್ತು. ಮದ್ಯ ಕುಡಿದವನನ್ನು ವಿಮಾನದ ಹತ್ತಿರಕ್ಕೂ ಬಿಡುವುದಿಲ್ಲ. ನಿದ್ದೆಗೆಟ್ಟವನನ್ನು ಊದಿಸಿ ನೋಡುವ ಯಂತ್ರ ಮಾತ್ರ ಇಲ್ಲ.

ಸ್ವತಃ ಆತನನ್ನೇ ಕೇಳಬಹುದಲ್ಲ ಎನ್ನುತ್ತೀರಾ? ಅಲ್ಲೂ ಒಂದು ತೊಡಕಿದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ವಯಂಸೇವಕರನ್ನು ಎರಡು ವಾರ ಕಾಲ ರಾತ್ರಿಗೆ ಆರೋ ನಾಲ್ಕೋ ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡು ವಾರ ತುಂಬುವ ಹೊತ್ತಿಗೆ ಅವರ ಗಮನ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ‘ನಿಮಗೆ ನಿದ್ದೆ ಬರುತ್ತಿದೆಯೆ’ ಎಂದು ಕೇಳಿದರೆ, ಮೊದಲ ಕೆಲವು ದಿನಗಳ ನಂತರ ಅವರ ಉತ್ತರದಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ. ದಣಿವನ್ನು ಅಳೆಯಬೇಕಾದ ಅಂಗವೇ ದಣಿದಿರುತ್ತದೆ.

ಎಂಟು ಗಂಟೆ ಎಲ್ಲಿ ಹೋಯಿತು?

ಈಗ ನಿಯಮಗಳಿಗೆ ಬರೋಣ. 2014ಕ್ಕೆ ಮುಂಚೆ ಅಮೆರಿಕದ ದೇಶೀಯ ಹಾರಾಟಗಳಲ್ಲಿ, ಎರಡು ವಿಶ್ರಾಂತಿಗಳ ನಡುವೆ ಪೈಲಟ್ 8 ಗಂಟೆಗಿಂತ ಕಡಿಮೆ ಹಾರಾಟ ನಡೆಸುವುದಿದ್ದರೆ ಅವನಿಗೆ 9 ಗಂಟೆ ವಿಶ್ರಾಂತಿ ಕೊಡಬೇಕಿತ್ತು. ಮರುದಿನ ಹೆಚ್ಚು ಕೊಟ್ಟು ಸರಿದೂಗಿಸುವ ಷರತ್ತಿನ ಮೇಲೆ ಅದನ್ನು 8 ಗಂಟೆಗೆ ಇಳಿಸಬಹುದಿತ್ತು. ಎಂಟು ಗಂಟೆ ಎಂದರೆ ಸಾಕಷ್ಟಾಯಿತಲ್ಲ ಎನಿಸುತ್ತದೆ. ಆದರೆ ಈ ಲೆಕ್ಕ ಕೆಲಸದಿಂದ ಬಿಡುಗಡೆಯಾದ ಕ್ಷಣದಿಂದ ಮತ್ತೆ ಹಾಜರಾಗುವ ಕ್ಷಣದವರೆಗೆ.

ರಾತ್ರಿ ಹತ್ತಕ್ಕೆ ಬಿಡುಗಡೆಯಾದ ಪೈಲಟ್ ಒಬ್ಬನನ್ನು ಕಲ್ಪಿಸಿಕೊಳ್ಳಿ. ಹೋಟೆಲಿನ ವ್ಯಾನಿಗೆ ಕಾಯಬೇಕು. ಕೋಣೆ ಸೇರುವಾಗ ಹತ್ತೂಮುಕ್ಕಾಲು. ಏನಾದರೂ ತಿನ್ನಬೇಕು, ಮನೆಗೆ ಒಂದು ಫೋನ್ ಮಾಡಬೇಕು. ಹನ್ನೊಂದೂವರೆಗೆ ಮಲಗಿದ ಎನ್ನಿ. ಬೆಳಿಗ್ಗೆ ಆರಕ್ಕೆ ಹಾಜರಿ. ಅಂದರೆ ಐದೂಕಾಲರ ವ್ಯಾನು, ಅದಕ್ಕಾಗಿ ನಾಲ್ಕೂವರೆಗೆ ಏಳಬೇಕು. ಹಾಳೆಯ ಮೇಲೆ ಎಂಟು ಗಂಟೆ ವಿಶ್ರಾಂತಿ, ಹಾಸಿಗೆಯ ಮೇಲೆ ಐದು ಗಂಟೆ. ಕಣ್ಣು ಹತ್ತಲು ಹಿಡಿದ ಹೊತ್ತನ್ನು ಇದರಲ್ಲೂ ಕಳೆಯಿರಿ.

ಆ ಹಳೆಯ ನಿಯಮ ಇನ್ನೂ ಒಂದು ವಿಷಯಕ್ಕೆ ಕುರುಡಾಗಿತ್ತು. ಹಗಲು ಹನ್ನೊಂದಕ್ಕೆ ಆರಂಭವಾಗುವ ಪಾಳಿಗೂ ರಾತ್ರಿ ಹನ್ನೊಂದಕ್ಕೆ ಆರಂಭವಾಗುವ ಪಾಳಿಗೂ ಅದು ಒಂದೇ ಅಳತೆಗೋಲನ್ನು ಬಳಸುತ್ತಿತ್ತು. ಒಂದು ಬಾರಿ ಏರಿ ಇಳಿಯುವವನಿಗೂ ಏಳು ಬಾರಿ ಏರಿ ಇಳಿಯುವವನಿಗೂ ಅಷ್ಟೆ. ವಿಮಾನ ಹಾರಿಸುವುದರಲ್ಲಿ ಶ್ರಮವೆಲ್ಲ ಇರುವುದು ಏರುವಾಗ, ಇಳಿಯುವಾಗ ಎಂಬುದು ನಿಮಗೆ ಗೊತ್ತೇ ಇದೆ. ಎಂಟು ಗಂಟೆಯ ಒಂದೇ ಹಾರಾಟದಲ್ಲಿ ಆ ಶ್ರಮ ಒಮ್ಮೆ ಮಾತ್ರ. ಒಂದೊಂದು ಗಂಟೆಯ ಏಳು ಹಾರಾಟಗಳಲ್ಲಿ ಏಳು ಸಲ. ಆ ಏಳು ಸಲದ ದುಡಿಮೆ ಯಾರದು ಎಂದರೆ, ಬಹುಮಟ್ಟಿಗೆ ಪ್ರಾದೇಶಿಕ ವಿಮಾನ ಕಂಪನಿಗಳ ಪೈಲಟ್‌ಗಳದು.

ಟಿಕೆಟ್ ಒಬ್ಬರದು, ಪೈಲಟ್ ಇನ್ನೊಬ್ಬರ ಆಳು

ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಸಣ್ಣ ಊರುಗಳಿಗೆ ತಾವೇ ಹಾರುವುದು ಕಡಿಮೆ. ಆ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ಗುತ್ತಿಗೆಗೆ ಕೊಡುತ್ತವೆ. ವೇಳಾಪಟ್ಟಿ ದೊಡ್ಡ ಕಂಪನಿಯದು, ಟಿಕೆಟ್ ದರ ಅದರದು, ವಿಮಾನದ ಮೇಲಿನ ಬಣ್ಣವೂ ಅದರದೇ. ಸಣ್ಣ ಕಂಪನಿ ಪೈಲಟ್‌ಗಳನ್ನೂ ಗಗನಸಖಿಯರನ್ನೂ ಒದಗಿಸಿ ವಿಮಾನ ನಡೆಸಿಕೊಡಬೇಕು. ಪ್ರತಿಯಾಗಿ, ನಡೆಸಿದ ಪ್ರತಿ ಹಾರಾಟಕ್ಕೆ ಅಥವಾ ಗಂಟೆಗೆ ಇಷ್ಟು ಎಂದು ನಿಗದಿಯಾದ ಹಣ ಬರುತ್ತದೆ. ವಿಮಾನ ತುಂಬಿದ್ದರೂ ಅಷ್ಟೆ, ಅರ್ಧ ಖಾಲಿಯಿದ್ದರೂ ಅಷ್ಟೆ. ಇದನ್ನು ಸಾಮರ್ಥ್ಯ ಖರೀದಿ ಒಪ್ಪಂದ ಎನ್ನುತ್ತಾರೆ: ಅಂದರೆ ಸೀಟುಗಳನ್ನು ಸಗಟಾಗಿ ಕೊಳ್ಳುವುದು.

ಈ ಕರಾರಿನಲ್ಲಿ ಸಣ್ಣ ಕಂಪನಿ ಲಾಭ ಹೆಚ್ಚಿಸಿಕೊಳ್ಳುವುದು ಹೇಗೆ? ಟಿಕೆಟ್ ದರ ಏರಿಸುವಂತಿಲ್ಲ, ಅದು ಅವರ ಕೈಯಲ್ಲಿಲ್ಲ. ಇಂಧನದ ವೆಚ್ಚವನ್ನು ಸಾಮಾನ್ಯವಾಗಿ ದೊಡ್ಡ ಕಂಪನಿಯೇ ಭರಿಸುತ್ತದೆ. ಉಳಿಯುವುದು ದುರಸ್ತಿ, ತರಬೇತಿ ಮತ್ತು ಸಂಬಳ. ಕರಾರು ಮುಗಿದಾಗ ಇನ್ನೊಂದು ಕಂಪನಿ ಕಡಿಮೆ ದರಕ್ಕೆ ಒಪ್ಪಿಕೊಂಡರೆ ಹಾರಾಟವೆಲ್ಲ ಅದರ ಪಾಲಾಗುತ್ತದೆ. ಆಗ ಕೆಲಸ ಕಳೆದುಕೊಂಡ ಪೈಲಟ್ ಹೊಸ ಕಂಪನಿ ಸೇರಬಹುದು, ಆದರೆ ಹಿರಿತನ ಜೊತೆಗೆ ಬರುವುದಿಲ್ಲ. ಹತ್ತು ವರ್ಷ ಹಾರಿದ ಕ್ಯಾಪ್ಟನ್ ಕೂಡ ಅಲ್ಲಿ ಮೊದಲ ವರ್ಷದ ಸಂಬಳದ ಸಹಪೈಲಟ್ ಆಗಿ ಪಟ್ಟಿಯ ತಳದಲ್ಲಿ ಸೇರಬೇಕು. ಸರ್ಕಾರಿ ನೌಕರಿಯ ವರ್ಗಾವಣೆಗೆ ಒಗ್ಗಿದ ನಮಗೆ ಇದು ವಿಚಿತ್ರವೆನಿಸುತ್ತದೆ.

ಇನ್ನೊಂದು ಪರಿಣಾಮವಿದೆ. ಕರಾರು ಬದಲಾದಂತೆ ಪೈಲಟ್‌ಗಳ ನೆಲೆಯೂ ಬದಲಾಗುತ್ತದೆ. ಇವತ್ತು ಒಂದು ಊರಿನಿಂದ ಕೆಲಸ ಆರಂಭ, ವರ್ಷದ ನಂತರ ಸಾವಿರ ಮೈಲಿ ದೂರದ ಮತ್ತೊಂದರಿಂದ. ಪ್ರತಿ ಸಲ ಸಂಸಾರ ಕಿತ್ತುಕೊಂಡು ಹೋಗಲು ಕೈಯಲ್ಲಿ ಹಣವಿಲ್ಲ. ಹೊಸ ನೆಲೆ ನ್ಯೂಯಾರ್ಕಿನಂಥ ದುಬಾರಿ ಊರಾದರೆ ಮನೆ ಬಾಡಿಗೆ ಕಟ್ಟಲೂ ಆಗದು. ಹೀಗಾಗಿ ಅವರು ಇದ್ದಲ್ಲೇ ಇದ್ದು, ಬೇರೆ ವಿಮಾನಗಳಲ್ಲಿ ಖಾಲಿ ಸೀಟು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ನಾವು ತುಮಕೂರಿನಿಂದ ಬೆಂಗಳೂರಿಗೆ ಪಾಸಿನಲ್ಲಿ ಓಡಾಡುವ ಹಾಗೆ, ಆದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ. ನಿಯಮದ ಕಣ್ಣಿನಲ್ಲಿ ಈ ಪ್ರಯಾಣ ಕೆಲಸವಲ್ಲ. ಅದು ‘ವಿಶ್ರಾಂತಿ’ಯ ಖಾತೆಗೆ ಹೋಗುತ್ತದೆ.

ಬಫಲೋ, 2009

ಈ ಎಲ್ಲ ಎಳೆಗಳೂ ಒಂದೇ ರಾತ್ರಿ ಕೂಡಿದವು. 2009ರ ಫೆಬ್ರುವರಿ 12ರಂದು ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಿಂದ ಬಫಲೋ ನಗರಕ್ಕೆ ಹೊರಟ ವಿಮಾನದ ಟಿಕೆಟ್ ಕಾಂಟಿನೆಂಟಲ್ ಕಂಪನಿಯದು. ನಡೆಸುತ್ತಿದ್ದದ್ದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿ.

ಸಹಪೈಲಟ್ 24 ವರ್ಷದ ತರುಣಿ. ಆಕೆಯ ಮನೆ ಸಿಯಾಟಲ್ ಹತ್ತಿರ, ಅಂದರೆ ದೇಶದ ಪಶ್ಚಿಮ ತೀರದಲ್ಲಿ. ಕೆಲಸದ ನೆಲೆ ಪೂರ್ವ ತೀರದ ನೆವಾರ್ಕ್. ಹಿಂದಿನ ರಾತ್ರಿ ಸರಕು ವಿಮಾನವೊಂದರಲ್ಲಿ ಸೀಟು ಹಿಡಿದು, ಮೆಂಫಿಸ್‌ನಲ್ಲಿ ಇಳಿದು, ಇನ್ನೊಂದನ್ನು ಹತ್ತಿ, ಬೆಳಿಗ್ಗೆ ಆರೂವರೆಯ ಸುಮಾರಿಗೆ ನೆವಾರ್ಕ್ ತಲುಪಿದ್ದಳು. ಕ್ಯಾಪ್ಟನ್‌ನ ಮನೆ ದಕ್ಷಿಣದ ಫ್ಲಾರಿಡಾದಲ್ಲಿ. ಆತ ಹಿಂದಿನ ರಾತ್ರಿಯನ್ನು ವಿಮಾನ ನಿಲ್ದಾಣದ ಸಿಬ್ಬಂದಿ ಕೊಠಡಿಯಲ್ಲೇ ಕಳೆದಿದ್ದ. ನಸುಕಿನ 3 ಗಂಟೆ 10 ನಿಮಿಷಕ್ಕೆ ಆತ ಕಂಪನಿಯ ಕಂಪ್ಯೂಟರ್ ಬಳಸಿದ ದಾಖಲೆಯಿದೆ. ಆ ಕೊಠಡಿಯಲ್ಲಿ ರಾತ್ರಿ ಮಲಗಬಾರದೆಂದು ಕಂಪನಿಯ ನಿಯಮವಿತ್ತು. ಆದರೆ ಬಾಡಿಗೆಗೆ ಹಾಸಿಗೆ ಹಿಡಿಯದವರು ಇನ್ನೆಲ್ಲಿ ಮಲಗಬೇಕು? ಸಹಪೈಲಟ್‌ಳ ವರ್ಷದ ಗಳಿಕೆ 16 ಸಾವಿರ ಡಾಲರಿನಷ್ಟು ಎಂದು ಸಾರ್ವಜನಿಕ ವಿಚಾರಣೆಯಲ್ಲಿ ಕೇಳಿಬಂದಾಗ ಅಮೆರಿಕನ್ನರು ದಂಗಾದರು. ಅದಕ್ಕಿಂತ ಹೆಚ್ಚು ಬರುವುದಿತ್ತು ಎಂದು ಕಂಪನಿ ಆಮೇಲೆ ತಿದ್ದಿ ಹೇಳಿತು. ಹೆಚ್ಚೆಂದರೂ ಅದು 24 ಸಾವಿರದ ಒಳಗೇ ಇತ್ತು.

ಆಕೆಗೆ ಅಂದು ನೆಗಡಿಯೂ ಇತ್ತು. ಮನೆಯಲ್ಲಿದ್ದಾಗಲೇ ಹೀಗಾಗಿದ್ದರೆ ಬರುತ್ತಿರಲಿಲ್ಲ, ಈಗ ಇಲ್ಲಿ ರಜೆ ಹಾಕಿದರೆ ಹೋಟೆಲಿನ ಖರ್ಚು ತನ್ನ ತಲೆಯ ಮೇಲೆ ಎಂಬರ್ಥದ ಮಾತನ್ನು ಆಕೆ ಕ್ಯಾಪ್ಟನ್‌ಗೆ ಹೇಳಿದ್ದು ಧ್ವನಿಮುದ್ರಣದಲ್ಲಿ ಉಳಿದಿದೆ. ಕರಾರು, ಸಂಬಳ, ವಾಸದ ಊರು, ವಿಶ್ರಾಂತಿ ಇವೆಲ್ಲ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಆ ಒಂದು ಮಾತಿನಷ್ಟು ಸ್ಪಷ್ಟವಾಗಿ ಯಾವ ವರದಿಯೂ ಹೇಳಿಲ್ಲವೆಂದು ನನಗನ್ನಿಸುತ್ತದೆ.

ರಾತ್ರಿ ಹತ್ತು ಗಂಟೆ ದಾಟಿತ್ತು. ಬಫಲೋ ಹತ್ತಿರವಾಗುತ್ತಿದ್ದಂತೆ ವಿಮಾನದ ವೇಗ ಇಳಿಯುತ್ತ ಹೋಯಿತು, ಇಬ್ಬರೂ ಗಮನಿಸಲಿಲ್ಲ. ವೇಗ ತೀರ ತಗ್ಗಿದರೆ ರೆಕ್ಕೆಗಳ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ವಿಮಾನ ಆಧಾರ ಕಳೆದುಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ಪೈಲಟ್‌ನ ಕೈಯಲ್ಲಿರುವ ಹಿಡಿಕೆ ಗಡಗಡ ಅಲುಗಿ ಎಚ್ಚರಿಸುತ್ತದೆ. ಆಗ ಮಾಡಬೇಕಾದದ್ದು ಹಿಡಿಕೆಯನ್ನು ಮುಂದಕ್ಕೆ ಒತ್ತಿ ಮೂಗನ್ನು ತಗ್ಗಿಸುವುದು, ಎಂಜಿನ್ನಿನ ಶಕ್ತಿ ಏರಿಸುವುದು. ಕ್ಯಾಪ್ಟನ್ ಹಿಡಿಕೆಯನ್ನು ಹಿಂದಕ್ಕೆ ಎಳೆದ. ವಿಮಾನ ಕ್ಲಾರೆನ್ಸ್ ಸೆಂಟರ್ ಎಂಬಲ್ಲಿ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಸತ್ತರು.

ಇದಕ್ಕೆ ದಣಿವೇ ಕಾರಣವೆ? ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯೇ ಅಪಘಾತದ ಕಾರಣ ಎಂದು ಸುರಕ್ಷತಾ ಮಂಡಲಿ 2010ರಲ್ಲಿ ತೀರ್ಮಾನಿಸಿತು. ದಣಿವಿನಿಂದ ಇಬ್ಬರ ಕಾರ್ಯಕ್ಷಮತೆ ಕುಂದಿದ್ದಿರಬಹುದು, ಆದರೆ ಎಷ್ಟರಮಟ್ಟಿಗೆ ಎಂದು ಖಚಿತವಾಗಿ ಹೇಳಲಾಗದು ಎಂದಿತು. ಮಂಡಲಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಮಾತ್ರ ದಣಿವನ್ನೂ ಕಾರಣಗಳ ಪಟ್ಟಿಗೆ ಸೇರಿಸಬೇಕಿತ್ತೆಂದು ಪ್ರತ್ಯೇಕ ಹೇಳಿಕೆ ಬರೆದರು. ಕ್ಯಾಪ್ಟನ್ ಹಿಂದೆ ಹಲವು ಹಾರಾಟ ಪರೀಕ್ಷೆಗಳಲ್ಲಿ ಅನುತ್ತೀರ್ಣನಾಗಿದ್ದದ್ದೂ ನಿಜ. ರಕ್ತದಲ್ಲಿ ಮದ್ಯ ಸಿಕ್ಕ ಹಾಗೆ ದಣಿವು ಶವಪರೀಕ್ಷೆಯಲ್ಲಿ ಸಿಗುವುದಿಲ್ಲ. ಈ ಒಂದು ಕಾರಣಕ್ಕೇ ವಿಮಾನ ಅಪಘಾತಗಳ ಇತಿಹಾಸದಲ್ಲಿ ದಣಿವು ಬಹುಕಾಲ ತಲೆಮರೆಸಿಕೊಂಡೇ ಇತ್ತು. ಅದನ್ನು ಸಂಭಾವ್ಯ ಕಾರಣವೆಂದು ಇದೇ ಮಂಡಲಿ ಮೊದಲ ಬಾರಿ ಹೇಳಿದ್ದು 1993ರಲ್ಲಿ ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯಲ್ಲಿ ಸರಕು ವಿಮಾನವೊಂದು ಬಿದ್ದಾಗ. ಅದರ ಕ್ಯಾಪ್ಟನ್ 23 ಗಂಟೆಗೂ ಮೀರಿ ಎಚ್ಚರವಾಗಿದ್ದ. ಸಿಬ್ಬಂದಿ ಮೂವರೂ ಬದುಕುಳಿದದ್ದರಿಂದ ಅವರ ಬಾಯಿಂದಲೇ ವಿಷಯ ತಿಳಿಯಿತು.

ಬಫಲೋ ತನಿಖೆಯಲ್ಲಿ ಹೊರಬಂದ ಇನ್ನೊಂದು ಲೆಕ್ಕ ನೋಡಿ. ನೆವಾರ್ಕ್ ನೆಲೆಯಾಗಿದ್ದ ಕೋಲ್ಗನ್‌ನ 137 ಪೈಲಟ್‌ಗಳಲ್ಲಿ 93 ಮಂದಿ ದೂರದಿಂದ ಬರುವವರು. ಅವರಲ್ಲಿ 29 ಜನರ ಮನೆ ಸಾವಿರ ಮೈಲಿಗಿಂತ ಆಚೆ.

ಹೊಸ ನಿಯಮ ಮುಟ್ಟಿದ್ದು, ಮುಟ್ಟದೇ ಬಿಟ್ಟದ್ದು

ಸತ್ತವರ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ಅವರ ಒತ್ತಾಯದಿಂದ 2010ರ ಆಗಸ್ಟ್‌ನಲ್ಲಿ ಹೊಸ ಕಾಯಿದೆ ಬಂತು. ಸಹಪೈಲಟ್ ಆಗುವವರಿಗೂ ಸಾಮಾನ್ಯವಾಗಿ 1500 ಗಂಟೆಗಳ ಹಾರಾಟದ ಅನುಭವ ಬೇಕೆಂದಾಯಿತು. ವಿಮಾನವನ್ನು ನಿಜಕ್ಕೂ ನಡೆಸುವ ಕಂಪನಿ ಯಾವುದೆಂದು ಟಿಕೆಟ್ ಮಾರುವಾಗಲೇ ಹೇಳಬೇಕೆಂದಾಯಿತು. ವಿಶ್ರಾಂತಿಯ ನಿಯಮಗಳನ್ನು ವಿಜ್ಞಾನದ ಆಧಾರದ ಮೇಲೆ ಹೊಸದಾಗಿ ಬರೆಯಬೇಕೆಂದೂ ಕಾಯಿದೆ ವಿಧಿಸಿತು. ಆ ನಿಯಮಗಳು ಜಾರಿಗೆ ಬಂದದ್ದು 2014ರ ಜನವರಿ 4ರಂದು.

ಅವುಗಳನ್ನು ಓದಿದರೆ ಜೈವಿಕ ಗಡಿಯಾರ ಕೊನೆಗೂ ಸರ್ಕಾರಿ ಕಚೇರಿಯೊಳಗೆ ಬಂದಿರುವುದು ಕಾಣುತ್ತದೆ. ಬೆಳಿಗ್ಗೆ 7ರಿಂದ ಮಧ್ಯಾಹ್ನ 12ರೊಳಗೆ ಪಾಳಿ ಆರಂಭಿಸಿ ಒಂದೆರಡು ಸಲ ಮಾತ್ರ ಹಾರುವವನ ಕರ್ತವ್ಯ 14 ಗಂಟೆಯವರೆಗೆ ಇರಬಹುದು. ಅದೇ ಹೊತ್ತಿಗೆ ಆರಂಭಿಸಿ ಏಳು ಸಲ ಹಾರುವವನಿಗೆ ಹನ್ನೊಂದೂವರೆ ಗಂಟೆ ಮಾತ್ರ. ನಡುರಾತ್ರಿ ಕಳೆದು ನಾಲ್ಕು ಗಂಟೆಯೊಳಗೆ ಪಾಳಿ ಆರಂಭಿಸುವವನಿಗೆ ಎಷ್ಟೇ ಸಲ ಹಾರಲಿ, 9 ಗಂಟೆ. ಎರಡು ಪಾಳಿಗಳ ನಡುವೆ 10 ಗಂಟೆ ವಿಶ್ರಾಂತಿ, ಅದರೊಳಗೆ ಅಡ್ಡಿಯಿಲ್ಲದೆ 8 ಗಂಟೆ ನಿದ್ದೆಗೆ ಅವಕಾಶ. ಏಳು ದಿನಗಳಲ್ಲಿ ಒಮ್ಮೆ ಸತತ 30 ಗಂಟೆ ಪೂರ್ತಿ ಬಿಡುವು. ಮೊದಲು ಇದು 24 ಗಂಟೆಯಿತ್ತು. ಪ್ರತಿ ಹಾರಾಟಕ್ಕೆ ಮುಂಚೆ ತಾನು ಕರ್ತವ್ಯಕ್ಕೆ ಯೋಗ್ಯನಿದ್ದೇನೆಂದು ಪೈಲಟ್ ದೃಢೀಕರಿಸಬೇಕು.

ನಿಯಮ ಮುಟ್ಟದೇ ಬಿಟ್ಟದ್ದು ಎರಡನ್ನು. ಮೊದಲನೆಯದು ಸರಕು ವಿಮಾನಗಳು. ರಾತ್ರಿಯಿಡೀ ಹಾರುವವರು ಮುಖ್ಯವಾಗಿ ಅವರೇ. ಆದರೆ ವೆಚ್ಚಕ್ಕೆ ತಕ್ಕ ಲಾಭವಿಲ್ಲವೆಂಬ ಲೆಕ್ಕಾಚಾರದ ಮೇಲೆ ಅವರನ್ನು ಕೈಬಿಡಲಾಯಿತು. 2013ರ ಆಗಸ್ಟ್ 14ರಂದು ಬೆಳಗಾಗುವ ಮುನ್ನ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ಹೊರಡುವ ಮುನ್ನ ಅವರು ಮಾತಾಡಿಕೊಂಡದ್ದು ಇದೇ ನಿಯಮಗಳ ಬಗ್ಗೆ, ತಮ್ಮನ್ನು ಹೊರಗಿಟ್ಟದ್ದರ ಬಗ್ಗೆ. ಒಂದು ಮಾತನ್ನು ಸೇರಿಸಲೇಬೇಕು. ಅಂದು ಆ ನಿಯಮ ಯಾರಿಗೂ ಜಾರಿಯಾಗಿರಲಿಲ್ಲ. ಸಹಪೈಲಟ್ ತನಗೆ ದೊರೆತ ಬಿಡುವನ್ನು ನಿದ್ದೆಗೆ ಸರಿಯಾಗಿ ಬಳಸಿಕೊಂಡಿರಲಿಲ್ಲವೆಂದೂ ತನಿಖೆ ಹೇಳಿತು.

ಎರಡನೆಯದು ಮನೆಯಿಂದ ನೆಲೆಗೆ ಮಾಡುವ ಪ್ರಯಾಣ. ಕಾಯಿದೆಯ ಸೂಚನೆಯಂತೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಇದನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟಿತು. ನಿಯಮ ಮಾಡಲು ಸಾಕಷ್ಟು ಮಾಹಿತಿಯಿಲ್ಲ ಎಂಬುದು ಅದರ ಸಾರ. ಪಾಳಿಗೆ ಮುಂಚಿನ ರಾತ್ರಿ ಕನಿಷ್ಠ 6 ಗಂಟೆ ನಿದ್ದೆಗೆ ಅವಕಾಶವಾಗುವಂತೆಯೂ ಪಾಳಿ ಮುಗಿಯುವ ಹೊತ್ತಿಗೆ ಎಚ್ಚರದ ಅವಧಿ 16 ಗಂಟೆ ಮೀರದಂತೆಯೂ ಪೈಲಟ್‌ಗಳು ತಾವೇ ಯೋಜಿಸಿಕೊಳ್ಳಲಿ ಎಂದು ಸಲಹೆ ಮಾಡಿತು. ಸಲಹೆ ಒಳ್ಳೆಯದೇ. ಆದರೆ ಸಿಬ್ಬಂದಿ ಕೊಠಡಿಯ ಸೋಫಾ ಬಿಟ್ಟು ಹೋಟೆಲಿಗೆ ಹೋಗಲು ಬೇಕಾದ ಹಣವನ್ನು ಸಲಹೆ ಕೊಡಲಾರದು. ಆ ಹಣ ಬಂದದ್ದು ಬೇರೆ ದಾರಿಯಿಂದ. ಕೋವಿಡ್ ಇಳಿದ ಮೇಲೆ ಪೈಲಟ್‌ಗಳ ಕೊರತೆ ತೀವ್ರವಾಗಿ, 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪ್ರಾದೇಶಿಕ ಅಂಗಸಂಸ್ಥೆಗಳು ಹೊಸ ಸಹಪೈಲಟ್‌ಗಳ ಸಂಬಳವನ್ನು ಗಂಟೆಗೆ 90 ಡಾಲರಿಗೆ ಏರಿಸಿದವು. ಉಳಿದವರೂ ಹಿಂಬಾಲಿಸಬೇಕಾಯಿತು.

ಮಂಗಳೂರಿನ ಮುಂಜಾನೆ

ಇಷ್ಟು ಹೊತ್ತು ಅಮೆರಿಕದ ಕಥೆ ಕೇಳಿದಿರಿ. ನಮ್ಮ ಮನೆಯಂಗಳದಲ್ಲೇ ಆದದ್ದನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 2010ರ ಮೇ 22ರಂದು ಬೆಳಿಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿದವರು 8 ಜನ.

ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು ದುಬೈ ಮುಟ್ಟಿ, ಅಲ್ಲಿಂದ ನಡುರಾತ್ರಿಯ ನಂತರ ಮರಳಿ ಹೊರಟಿದ್ದರು. ಧ್ವನಿಮುದ್ರಕದಲ್ಲಿ ಉಳಿದಿದ್ದ 2 ಗಂಟೆ 5 ನಿಮಿಷಗಳ ಪೈಕಿ ಮೊದಲ 1 ಗಂಟೆ 40 ನಿಮಿಷ ಪೈಲಟ್‌ಗಳಿಬ್ಬರ ನಡುವೆ ಸಂಭಾಷಣೆಯೇ ಇರಲಿಲ್ಲ. ಗೊರಕೆ ಮತ್ತು ದೀರ್ಘ ಉಸಿರಾಟದ ಸದ್ದಿತ್ತು. ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದದ್ದು ಇಳಿಯುವ ಸಿದ್ಧತೆಗೆ ಸ್ವಲ್ಪವೇ ಮುಂಚೆ.

ಆಳವಾದ ನಿದ್ದೆಯಿಂದ ಎದ್ದ ತಕ್ಷಣ ಮಿದುಳು ಪೂರ್ತಿ ಎಚ್ಚರಗೊಳ್ಳುವುದಿಲ್ಲ. ಕೆಲವೊಮ್ಮೆ ಅರ್ಧ ಗಂಟೆಯವರೆಗೆ ಮಂಪರು ಉಳಿದು, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಮಂಕಾಗಿರುತ್ತದೆ. ಇದು ನಿದ್ರಾ ಜಡತೆ. ಇಳಿಗಾಲದಲ್ಲಿ ಎದ್ದರೆ ಜಡತೆ ಇನ್ನೂ ಹೆಚ್ಚು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಮುಂದುವರಿದರು. 8 ಸಾವಿರ ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಅಸ್ಥಿರ ಇಳಿಕೆಯನ್ನು ಕೈಬಿಡದೇ ಹೋದದ್ದೇ ನೇರ ಕಾರಣವೆಂದ ತನಿಖಾ ನ್ಯಾಯಾಲಯ, ದೀರ್ಘ ನಿದ್ದೆಯ ನಂತರದ ಜಡತೆಯನ್ನೂ ಇಳಿಗಾಲವನ್ನೂ ಅದಕ್ಕೆ ಜೊತೆಗೂಡಿಸಿತು.

ಹಾಗಾದರೆ ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚಲೇಬಾರದೆ? ನಾಸಾ ಸಂಸ್ಥೆ ದೀರ್ಘ ಹಾರಾಟಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟರು. ಅವರು ಸರಾಸರಿ 26 ನಿಮಿಷ ಮಲಗಿದರು. ಕೊನೆಯ ಅರ್ಧ ಗಂಟೆಯ ಇಳಿಕೆಯಲ್ಲಿ, ಮಲಗದ ಗುಂಪಿನವರ ಮಿದುಳು 22 ಬಾರಿ ಕ್ಷಣಿಕ ನಿದ್ದೆಗೆ ಜಾರಿತ್ತು. ಮಲಗಿದ್ದವರಲ್ಲಿ ಅದು ಒಮ್ಮೆಯೂ ಆಗಲಿಲ್ಲ. ವ್ಯತ್ಯಾಸ ಇರುವುದು ಅವಧಿಯಲ್ಲಿ ಮತ್ತು ಯೋಜನೆಯಲ್ಲಿ. ಚಿಕ್ಕದಾಗಿ, ಜೊತೆಗಾರನಿಗೆ ಹೇಳಿ, ಇಳಿಯುವುದಕ್ಕೆ ಬಹಳ ಮುಂಚೆ ಎದ್ದರೆ ನಿದ್ದೆ ಔಷಧಿ. ಒಂದೂವರೆ ಗಂಟೆ ಗೊರಕೆ ಹೊಡೆದು ನೇರ ಇಳಿಕೆಗೆ ಕೈಹಾಕಿದರೆ ಅದೇ ವಿಷ.

ಭಾರತದ ನಿಯಮಗಳೂ ಆಮೇಲೆ ಹಲವು ಬಾರಿ ಬದಲಾದವು. 2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಕಟಿಸಿದ ತಿದ್ದುಪಡಿಯಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ‘ರಾತ್ರಿ’ ಎಂಬುದು ಬೆಳಗಿನ 5ರ ಬದಲು 6ರವರೆಗೆ ವಿಸ್ತರಿಸಿತು. ರಾತ್ರಿ ಪಾಳಿಯಲ್ಲಿ ಆರು ಇಳಿಕೆಗಳಿಗಿದ್ದ ಅವಕಾಶ ಎರಡಕ್ಕೆ ಇಳಿಯಿತು. ಒಂದು ಗಂಟೆಯ ವಿಸ್ತರಣೆ ಅಲ್ಪವೆನಿಸಬಹುದು. ಆದರೆ ಇಳಿಗಾಲ ಮುಗಿಯುವುದು ಎಷ್ಟು ಹೊತ್ತಿಗೆ ಎಂದು ಮೇಲೆ ನೋಡಿದಿರಲ್ಲ. ಬಜ್ಪೆಯ ವಿಮಾನ ಬಿದ್ದದ್ದೂ ಆ ಗಂಟೆಯ ಅಂಚಿನಲ್ಲೇ.

ಕಂಪನಿಗಳು ಕಾಲಾವಕಾಶ ಕೇಳಿದವು, ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಹೋರಾಡಿದವು. ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿ. ಎರಡನೆಯ ಹಂತ ಬಂದ ಒಂದೇ ತಿಂಗಳಲ್ಲಿ, ಡಿಸೆಂಬರ್ ಮೊದಲ ವಾರ, ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಬೆಂಗಳೂರು ನಿಲ್ದಾಣದಲ್ಲೂ ಜನ ಸಾಮಾನಿನ ರಾಶಿಯ ನಡುವೆ ರಾತ್ರಿ ಕಳೆದರು. ಹೊಸ ಲೆಕ್ಕಕ್ಕೆ ಬೇಕಾಗುವಷ್ಟು ಪೈಲಟ್‌ಗಳು ಆ ಪಾಳಿ ಪಟ್ಟಿಯಲ್ಲಿರಲಿಲ್ಲ. ಸಿಟ್ಟು ಬಹುಪಾಲು ಕಂಪನಿಯ ಮೇಲೆ ಹರಿದರೂ, ಹೊಸ ನಿಯಮವೇ ಅತಿಯಾಯಿತು ಎಂದವರೂ ಇದ್ದರು. ಅಂಥವರಿಗೆ ಈ ಲೇಖನದ ಎಂಟು ಗಂಟೆಯ ಲೆಕ್ಕವನ್ನು ತೋರಿಸಬಹುದು. ಮಹಾನಿರ್ದೇಶನಾಲಯ ಆ ಕಂಪನಿಗೆ ರಾತ್ರಿ ಪಾಳಿಯ ಕೆಲವು ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಪೈಲಟ್‌ಗಳ ಸಂಘಗಳು ಅದನ್ನು ವಿರೋಧಿಸಿದವು. ಆ ವಿನಾಯಿತಿಯ ದಿನಗಳಲ್ಲೂ ಇಳಿಗಾಲ ಎಂದಿನಂತೆ ರಾತ್ರಿ ಎರಡಕ್ಕೇ ಆರಂಭವಾಗುತ್ತಿತ್ತು.